ಕೆಜಿಎಫ್ ಧೂಳಲ್ಲಿ ಕಾರಿಗೆ ಮನೆಯಲ್ಲೇ ಪೇಂಟ್

ಕೆಜಿಎಫ್, ಬಂಗಾರಪೇಟೆ ಕಡೆ ಹಳೇ ಕಾರಿಗೆ ಮನೆ ಮುಂದೆಯೇ ಪೇಂಟ್ ಹೊಡೀಬೇಕು ಅಂತಿದ್ದೀರಾ? ಮೊದಲು ಗಾಳಿ ನೋಡಿ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ಅದಿರನ್ನು ಹಿಟ್ಟಿನ ಹಾಗೆ ಅರೆದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣು ಅದು. ಆಷಾಢದ ಗಾಳಿಗೆ ಎದ್ದು ಹಸಿ ಪೇಂಟಿನ ಮೇಲೆ ಕೂತರೆ ಬಾನೆಟ್ಟೆಲ್ಲ ತರಿತರಿ. ಹಾಗಾಗಿ ಆಷಾಢ ಕಳೀಲಿ. ಗಾಳಿಯಿಲ್ಲದ ಬೆಳಗ್ಗೆ, ಇಬ್ಬನಿ ಆರಿದ ಮೇಲೆ, ನೆಲಕ್ಕೆ ನೀರು ಚಿಮುಕಿಸಿ ಶುರು ಮಾಡಿ.

ದುಡ್ಡು ಉಳಿಯೋದು ಉಜ್ಜೋ ಕೂಲಿಯಲ್ಲಿ. ತುಕ್ಕು ಹಿಡಿದ ಜಾಗ ತಗಡು ಹೊಳೆಯೋ ತನಕ ಉಜ್ಜಿ, ಪುಟ್ಟಿ ತೆಳ್ಳಗೆ ಎಳೆಯಿರಿ. ಒಣಗಿದ ಮೇಲೆ ಮಟ್ಟ ಮಾಡಿ, ಪ್ರೈಮರ್ ಹೊಡೆದು, 600ರ ವಾಟರ್ ಪೇಪರ್ ನೀರಲ್ಲಿ ಅದ್ದಿ ಮತ್ತೆ ಉಜ್ಜಿ. ಈಗ ಕಣ್ಣು ಮುಚ್ಚಿ ಅಂಗೈ ಆಡಿಸಿ. ಕಣ್ಣಿಗೆ ಕಾಣದ ಏಣು, ಗುಂಡಿ ಬೆರಳಿಗೆ ಸಿಗುತ್ತೆ. ಅಲ್ಲಿ ಅವಸರ ಮಾಡಿದರೆ ಮೇಲಿನ ಬಣ್ಣ ಎಷ್ಟೇ ದುಬಾರಿಯಾದರೂ ವೇಸ್ಟ್.

ಮನೆಯಲ್ಲಿ ಹೊಡೆಯೋಕೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟೇ ಸರಿ. ತೆಳು ಕೋಟು ಮೂರ್ನಾಲ್ಕು, ನಡುವೆ ಆರಲು ಬಿಡಿ. ಕೊನೆಗೆ ರಬ್ಬಿಂಗ್ ಕಾಂಪೌಂಡ್, ಪಾಲಿಶ್. ಥಿನ್ನರ್ ಹತ್ತಿರ ಬೆಂಕಿ, ಬೀಡಿ ಬೇಡವೇ ಬೇಡ. ಹಾರ್ಡನರ್ ಬೆರೆಸಿ ಹೊಡೆಯೋ 2ಕೆ ಪೇಂಟ್ ಮಾತ್ರ ದಯವಿಟ್ಟು ಮನೆಯಲ್ಲಿ ಹೊಡೀಬೇಡಿ. ಅದರ ಹಾರ್ಡನರ್‌ನಲ್ಲಿರೋ ಐಸೊಸಯನೇಟ್ ಶ್ವಾಸಕೋಶ ಕೆಡಿಸುತ್ತೆ, ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ. ಮನೇಲಿ ಮಕ್ಕಳಿದ್ದಾರೆ.

ಇನ್ನೊಂದು ಮಾತು. ಅದೇ ಬಣ್ಣ ಹೊಡೆದರೆ ತೊಂದರೆಯಿಲ್ಲ. ಬೇರೆ ಬಣ್ಣ ಹೊಡೆದರೆ ಆರ್‌ಸಿಯಲ್ಲೂ ಬದಲಿಸಬೇಕು. ಕೆಎ-08 ಗಾಡಿಯಾದರೆ ಕೆಜಿಎಫ್ ಆರ್‌ಟಿಒ ಕಚೇರಿಗೆ ಮೊದಲೇ ಹೋಗಿ ವಿಚಾರಿಸಿ, ಆಮೇಲೆ ಡಬ್ಬಿ ಕೊಳ್ಳಿ.