ಹ್ಯಾಂಗ್ ಆಯಿತೋ, ನಿಧಾನವೋ?

ಒಂಬತ್ತು-ಹತ್ತು ವಾರಕ್ಕೊಮ್ಮೆ ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಬರುತ್ತದೆ. ಆಂಡ್ರಾಯ್ಡ್ ಫೋನಿನಿಂದ ಹಿಡಿದು ದೊಡ್ಡ ದೊಡ್ಡ ಸರ್ವರ್‌ಗಳವರೆಗೆ ಎಲ್ಲದರ ತಳದಲ್ಲಿ ಕೂತಿರುವ ತಂತ್ರಾಂಶ ಅದು. ಪ್ರತಿ ಆವೃತ್ತಿಯನ್ನೂ ಸಾವಿರಾರು ಪುಟ್ಟ ಪರೀಕ್ಷೆಗಳಿಗೆ ಒಡ್ಡಬೇಕು. ಬನ್ನೇರುಘಟ್ಟ ರಸ್ತೆಯ ಕಚೇರಿಯಲ್ಲಿರಲಿ, ಬಿಟಿಎಂ ಲೇಔಟಿನ ಪಿಜಿ ಕೋಣೆಯಲ್ಲಿರಲಿ, ಎಂಜಿನಿಯರು ರಾತ್ರಿ ಟೆಸ್ಟ್ ಓಡಲು ಬಿಟ್ಟು ಮಲಗುತ್ತಾರೆ, ಬೆಳಿಗ್ಗೆ ಎದ್ದು ಲಾಗ್ ನೋಡುತ್ತಾರೆ. ಈ ಕೆಲಸದಲ್ಲಿ ನಮ್ಮ ಊರಿನ ಪಾಲು ಸಣ್ಣದಲ್ಲ. 2000ದ ಸುಮಾರಿಗೆ ಎಸ್‌ಜಿಐ ಕಂಪನಿ ಶುರುಮಾಡಿದ ಲಿನಕ್ಸ್ ಟೆಸ್ಟ್ ಪ್ರಾಜೆಕ್ಟ್, ಅಂದರೆ ಎಲ್‌ಟಿಪಿ, ಕೆಲವು ವರ್ಷ ಬೆಂಗಳೂರಿನ ಐಬಿಎಂ ಎಂಜಿನಿಯರುಗಳ ಉಸ್ತುವಾರಿಯಲ್ಲಿತ್ತು. 2008ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಂನಲ್ಲಿ ಇದರ ಬಗ್ಗೆ ಪ್ರಬಂಧವೂ ಮಂಡನೆಯಾಯಿತು.

ಪರೀಕ್ಷೆ ಪಾಸಾದರೆ ಸರಿ, ಫೇಲಾದರೂ ಸರಿ. ಮುಗಿಯದೇ ಇದ್ದರೆ? ಬನಶಂಕರಿ ನಿಲ್ದಾಣದಲ್ಲಿ ಕಾಯುವವರಿಗೆ ತಡವಾದ ಬಸ್ಸಿಗೂ ರದ್ದಾದ ಬಸ್ಸಿಗೂ ವ್ಯತ್ಯಾಸ ತಿಳಿಯುವುದಿಲ್ಲವಲ್ಲ, ಹಾಗೆಯೇ ಇದು. ಒಂದು ಪ್ರೋಗ್ರಾಂ ಮುಗಿಯುತ್ತದೋ ಇಲ್ಲವೋ ಎಂದು ಮೊದಲೇ ಹೇಳಬಲ್ಲ, ಎಲ್ಲ ಪ್ರೋಗ್ರಾಂಗಳಿಗೂ ಸಲ್ಲುವ ವಿಧಾನ ಇರಲಾರದೆಂದು ಅಲನ್ ಟ್ಯೂರಿಂಗ್ 1936ರಲ್ಲೇ ಸಾಧಿಸಿ ತೋರಿಸಿದ್ದಾರೆ. ಹಾಗಾಗಿ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆ ಗೆರೆಯೇ ಟೈಮ್‌ಔಟ್.

ಗೆರೆ ತೀರಾ ಹತ್ತಿರವಿದ್ದರೆ ನೆಟ್ಟಗಿರುವ ಕರ್ನಲ್ ಮೇಲೂ ಸುಳ್ಳು ದೂರು ಬರುತ್ತದೆ. ತೀರಾ ದೂರವಿದ್ದರೆ ರಾತ್ರಿಯೆಲ್ಲ ವ್ಯರ್ಥ. ಎಲ್‌ಟಿಪಿಯಲ್ಲಿ ಹಿಂದೆ ಪ್ರತಿ ಪರೀಕ್ಷೆಗೂ 300 ಸೆಕೆಂಡ್ ಕೊಡುವ ರೂಢಿಯಿತ್ತು. ಒಂದೇ ದೋಷದಿಂದ 40 ಪರೀಕ್ಷೆಗಳು ಸಿಕ್ಕಿಬಿದ್ದವು ಅನ್ನಿ, ಬರೀ ಕಾಯುವುದರಲ್ಲೇ ಮೂರು ಗಂಟೆ ಇಪ್ಪತ್ತು ನಿಮಿಷ ಹೋಯಿತು. ಬಹುಪಾಲು ಪರೀಕ್ಷೆಗಳಿಗೆ ಒಂದು ಸೆಕೆಂಡೂ ಬೇಕಿಲ್ಲ. 2022ರಲ್ಲಿ ಇದನ್ನು 30 ಸೆಕೆಂಡಿಗೆ ಇಳಿಸಿದರು. ಬೇಕೆಂದೇ ಹೆಚ್ಚು ಹೊತ್ತು ಓಡುವ ಪರೀಕ್ಷೆಗಳು ತಮಗೆ ಎಷ್ಟು ಹೊತ್ತು ಬೇಕೆಂದು ಬೇರೆಯಾಗಿ ಘೋಷಿಸಬೇಕು; ಅದು ಈ 30ರ ಮೇಲೆ ಸೇರುತ್ತದೆ. ಕೆಲಸಕ್ಕೆ ಬೇಕಾದ ಹೊತ್ತು ಬೇರೆ, ಸಹನೆಯ ಮಿತಿ ಬೇರೆ ಎಂದು ವಿಂಗಡಿಸಿದ್ದು ನನ್ನ ಪ್ರಕಾರ ಅಂಕಿ ಇಳಿಸಿದ್ದಕ್ಕಿಂತ ದೊಡ್ಡ ಸುಧಾರಣೆ. ಕರ್ನಲ್ ಜೊತೆಗೇ ಬರುವ ಕೆಸೆಲ್ಫ್‌ಟೆಸ್ಟ್‌ನ ಮಿತಿ 45 ಸೆಕೆಂಡ್. ಹೆಚ್ಚು ಬೇಕಾದ ಪರೀಕ್ಷೆಗಳು ತಮ್ಮ ಫೋಲ್ಡರಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಿಡಬೇಕು.

ಜೆ.ಪಿ. ನಗರದ ಗೆಳೆಯರೊಬ್ಬರು ಮನೆಯ ಮೇಜಿನ ಮೇಲೆ ರಾಸ್ಪ್‌ಬೆರಿ ಪೈ ಬೋರ್ಡ್‌ ಇಟ್ಟುಕೊಂಡು ಟೆಸ್ಟ್ ಓಡಿಸುತ್ತಾರೆ. ಡಿಸ್ಕ್ ತುಂಬಿಸುವ ಪರೀಕ್ಷೆ ಬಂದಾಗ ಪರದೆಯ ಮೇಲಿನ ಕೊನೆಯ ಸಾಲು ಕದಲುವುದೇ ಇಲ್ಲ. ಆದರೆ ಬೋರ್ಡಿನ ಮೂಲೆಯ ಹಸಿರು ದೀಪ ಮಿನುಗುತ್ತಲೇ ಇರುತ್ತದೆ. ಎಸ್‌ಡಿ ಕಾರ್ಡಿಗೆ ಬರವಣಿಗೆ ನಡೆದಿದೆ ಎಂದು ಅದರ ಅರ್ಥ. ಸತ್ತಿಲ್ಲ, ನಿಧಾನ ಅಷ್ಟೇ. ಇಂಥದೇ ಸುಳಿವನ್ನು ಎಲ್‌ಟಿಪಿ ತನ್ನೊಳಗೇ ಇಟ್ಟುಕೊಂಡಿದೆ: ಪರೀಕ್ಷೆಯ ಒಂದೊಂದು ಸುತ್ತು ಮುಗಿದಾಗಲೂ ಕಾವಲು ಪ್ರೊಸೆಸ್‌ಗೆ ಸಂಕೇತ ಹೋಗುತ್ತದೆ, ಗಡಿಯಾರ ಮೊದಲಿಂದ ಶುರುವಾಗುತ್ತದೆ.

ಯಂತ್ರವೇ ನಿಧಾನವಾಗಿದ್ದರೆ ಪ್ರತಿ ಪರೀಕ್ಷೆಯ ಮಿತಿಯನ್ನೂ ತಿದ್ದಬೇಕಿಲ್ಲ, ಎಲ್ಲಕ್ಕೂ ಸೇರಿ ಒಂದು ಗುಣಕ ಕೊಟ್ಟರೆ ಸಾಕು. ಮೆಮೊರಿ ದೋಷ ಹುಡುಕುವ ಕೇಸಾನ್‌ನಂಥ ಸೌಲಭ್ಯ ತುಂಬಿದ ಕರ್ನಲ್ ಸಹಜವಾಗಿಯೇ ನಿಧಾನ. ಅದಕ್ಕೂ ಇದೇ ಮದ್ದು. ಆದರೆ ಯಾವಾಗಲೋ ಒಮ್ಮೆ ಟೈಮ್‌ಔಟ್ ಆಗುವ ಪರೀಕ್ಷೆಗೆ ಕಾರಣ ನೋಡದೆ ಮಿತಿ ಏರಿಸುತ್ತ ಹೋಗುವುದನ್ನು ನಾನು ಒಪ್ಪಲಾರೆ. ನಿನ್ನೆ ಎರಡು ಸೆಕೆಂಡಿನಲ್ಲಿ ಮುಗಿದದ್ದು ಇಂದು ಇಪ್ಪತ್ತೆಂಟಕ್ಕೆ ಮುಗಿದರೆ ಅದು ಪಾಸಾದರೂ ಸುದ್ದಿಯೇ. ಅದಕ್ಕೇ ಪಾಸು-ಫೇಲಿನ ಜೊತೆಗೆ ತಗುಲಿದ ಹೊತ್ತನ್ನೂ ದಾಖಲಿಸಿಡಬೇಕು.

ಗೆರೆ ದಾಟಿದ ಪರೀಕ್ಷೆಯನ್ನು ಕೊಲ್ಲುವುದೂ ಸುಲಭವಲ್ಲ. ಡಿಸ್ಕಿನ ಉತ್ತರಕ್ಕೋ ಕರ್ನಲ್ ಒಳಗಿನ ಬೀಗಕ್ಕೋ ಕಾಯುತ್ತ 'ಡಿ' ಸ್ಥಿತಿಯಲ್ಲಿ ಸಿಕ್ಕಿಕೊಂಡ ಪ್ರೊಸೆಸ್ ಸಿಗ್‌ಕಿಲ್ ಎಂಬ ಕೊಲ್ಲುವ ಸಂಕೇತಕ್ಕೂ ಜಗ್ಗದೇ ಇರಬಹುದು. ಮತ್ತೆ ಮತ್ತೆ ಕೊಲ್ಲಲು ನೋಡಿ ಸೋತ ಎಲ್‌ಟಿಪಿ, ಅಭಿನಂದನೆ, ಬಹುಶಃ ಕರ್ನಲ್‌ನ ದೋಷ ಸಿಕ್ಕಿದೆ ಎಂಬರ್ಥದ ಸಾಲನ್ನು ಲಾಗ್‌ಗೆ ಬರೆದು ಹೊರಬೀಳುತ್ತದೆ. ಹೀಗಾದಾಗ ತಕ್ಷಣ ರೀಬೂಟ್ ಮಾಡಿದರೆ ಸಾಕ್ಷ್ಯ ಅಳಿಸಿಹೋಗುತ್ತದೆ. ಸಾಮಾನ್ಯವಾಗಿ ಇಂಥ ಪ್ರೊಸೆಸ್‌ ಬಗ್ಗೆ ಕರ್ನಲ್ ತಾನೇ ದೂರು ಬರೆಯುವುದು 120 ಸೆಕೆಂಡ್ ದಾಟಿದ ಮೇಲೆ. ಅದು ತಪಾಸಣೆ ಮಾಡುವುದೂ ಅಷ್ಟೇ ಅಂತರದಲ್ಲಾದ್ದರಿಂದ ಕೆಲವೊಮ್ಮೆ ನಾಲ್ಕು ನಿಮಿಷದ ಹತ್ತಿರ ಆಗುತ್ತದೆ. ಎಲ್ಲಿ, ಯಾವ ಫಂಕ್ಷನ್ನಿನಲ್ಲಿ ಸಿಕ್ಕಿಕೊಂಡಿದೆ ಎಂಬ ಪೂರ್ತಿ ಜಾಡು ಆ ದೂರಿನಲ್ಲಿರುತ್ತದೆ. ಪರೀಕ್ಷೆಯ ಯಂತ್ರಗಳಲ್ಲಿ ಈ 120ನ್ನು ಇಳಿಸಿಡಿ, ಇಲ್ಲವೇ ರೀಬೂಟ್ ಮಾಡುವ ಸ್ಕ್ರಿಪ್ಟ್ ಐದು ನಿಮಿಷ ಕಾಯುವಂತೆ ಬರೆಯಿರಿ.