ಮನೆಯ ಸರ್ವರ್ ಒಳಗೆ ಬಿಡದಿದ್ದಾಗ

ಮಳಖೇಡದ ಶಿಕ್ಷಕರೊಬ್ಬರ ಮನೆಯಲ್ಲಿ ಹಳೆಯ ಗಣಕವೊಂದು ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ ಲಿನಕ್ಸ್ ಹಾಕಿ, ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಿ, ಸರ್ವರ್ ಆಗಿ ಬಳಸುತ್ತಿದ್ದಾರೆ. ರಾಷ್ಟ್ರಕೂಟರ ಕೋಟೆಯ ಛಾಯಾಚಿತ್ರಗಳು, ಕಾಗಿಣಾ ನದಿಯ ನೀರಿನ ಪರೀಕ್ಷೆಯ ಅಂಕಿಗಳು, ಶಹಾಬಾದಿನ ಸುಣ್ಣಕಲ್ಲಿನ ಪದರಗಳ ಚಿತ್ರಗಳು ಹೀಗೆ ವಿದ್ಯಾರ್ಥಿಗಳ ಯೋಜನಾಕಾರ್ಯವೆಲ್ಲ ಅದರಲ್ಲಿದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ವಿದ್ಯಾರ್ಥಿಗಳು ತಮ್ಮ ಪಾಲಿನ ಕಡತಗಳನ್ನು ಎಫ್‌ಟಿಪಿ ಮೂಲಕ ಅದಕ್ಕೆ ಕಳಿಸಬೇಕು. ವರದಿ ಒಪ್ಪಿಸುವ ಹಿಂದಿನ ದಿನ ಯಾರಿಗೂ ಪ್ರವೇಶ ಸಿಗುತ್ತಿಲ್ಲ. ಆಗ ಏನು ಮಾಡುತ್ತೇವೆ? ಮೊದಲು ಗುಪ್ತಪದ ಬದಲಿಸುತ್ತೇವೆ. ಆಗಲೂ ಆಗದಿದ್ದರೆ ಫೈರ್‌ವಾಲ್ ಆರಿಸುತ್ತೇವೆ, ಕಡತಕೋಶಗಳನ್ನೆಲ್ಲ ಎಲ್ಲರೂ ಬರೆಯುವಂತೆ ತೆರೆದುಬಿಡುತ್ತೇವೆ. ಎರಡು ತಾಸಿನ ಬಳಿಕ ಹೇಗೋ ಪ್ರವೇಶ ಸಿಕ್ಕೀತು. ಆದರೆ ಏಕೆ ಸಿಕ್ಕಿತೆಂಬುದು ತಿಳಿಯುವುದಿಲ್ಲ, ಸರ್ವರ್ ಮಾತ್ರ ಅಂದಿನಿಂದ ಅಗುಳಿಯಿಲ್ಲದ ಮನೆ.

ಇಷ್ಟು ಪರದಾಡಬೇಕಿಲ್ಲ. ಯಾವ ಹಂತದಲ್ಲಿ ತಡೆಯಾಯಿತೆಂಬುದನ್ನು ಸರ್ವರ್ ಪ್ರತಿ ಸಲವೂ ಮೂರಂಕಿಯ ಸಂಖ್ಯೆಯಲ್ಲಿ ಹೇಳುತ್ತದೆ. ನಾವು ಅದನ್ನು ಓದುವುದಿಲ್ಲ, ಅಷ್ಟೆ.

ಎಫ್‌ಟಿಪಿ ಎಂಬ ಈ ಕಡತ ರವಾನೆಯ ನಿಯಮಾವಳಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಇಂದಿಗೂ ಆಧಾರವಾಗಿರುವ ರೂಪ ಅದಕ್ಕೆ ಬಂದದ್ದು 1985ರಲ್ಲಿ, ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಅವರ ಕೈಯಲ್ಲಿ. ಅದರಲ್ಲಿ ಉತ್ತರಸಂಖ್ಯೆಯ ಪ್ರತಿ ಅಂಕಿಗೂ ಅರ್ಥವಿದೆ. ಮೊದಲ ಅಂಕಿ 2 ಆದರೆ ಕೆಲಸ ಆಯಿತು. 3 ಆದರೆ ಇನ್ನೂ ಏನೋ ಬೇಕು. 4 ಆದರೆ ಸದ್ಯಕ್ಕೆ ಆಗದು, ಮತ್ತೆ ಯತ್ನಿಸಿ. 5 ಆದರೆ ಹೀಗೇ ಕೇಳಿದರೆ ಎಂದೂ ಆಗದು. ಎರಡನೆಯ ಅಂಕಿ ವಿಷಯವನ್ನು ಹೇಳುತ್ತದೆ: 2 ಸಂಪರ್ಕದ್ದು, 3 ಬಳಕೆದಾರನ ಗುರುತಿನದು, 5 ಕಡತವ್ಯವಸ್ಥೆಯದು. ಸಂಪರ್ಕ ದೊರೆತೊಡನೆ ಸರ್ವರ್ 220 ಎನ್ನುತ್ತದೆ. ನೀವು ಹೆಸರು ಹೇಳುತ್ತೀರಿ, ಅದು 331 ಎಂದು ಗುಪ್ತಪದ ಕೇಳುತ್ತದೆ. ಸರಿಯಿದ್ದರೆ 230, ಇಲ್ಲವಾದರೆ 530. ಫೈಲ್‌ಝಿಲ್ಲಾದಂಥ ತಂತ್ರಾಂಶದಲ್ಲಿ ಈ ಸಂಭಾಷಣೆಯೆಲ್ಲ ಮೇಲಿನ ಕಿಟಕಿಯಲ್ಲಿ ಹರಿಯುತ್ತಿರುತ್ತದೆ.

220 ಕಾಣಿಸದಿದ್ದರೆ ಗುಪ್ತಪದದ ಮಾತೇ ಬಂದಿಲ್ಲ. ಸಂಪರ್ಕ ತಕ್ಷಣ ನಿರಾಕರಣೆಯಾದರೆ ಸಾಮಾನ್ಯವಾಗಿ ಗಣಕ ಸಿಕ್ಕಿದೆ, ಆದರೆ 21ನೆಯ ಪೋರ್ಟಿನಲ್ಲಿ ಕೇಳಿಸಿಕೊಳ್ಳುವವರಿಲ್ಲ ಎಂದರ್ಥ. ಸರ್ವರ್ ತಂತ್ರಾಂಶ ನಿಂತಿರಬೇಕು. ಬಹಳ ಹೊತ್ತು ಕಾದು ಸಮಯ ಮೀರಿದರೆ ವಿಳಾಸ ತಪ್ಪಿದೆ, ಅಥವಾ ಫೈರ್‌ವಾಲ್ ಸದ್ದಿಲ್ಲದೆ ನುಂಗಿದೆ. ಕರೆಂಟು ಹೋಗಿ ಬಂದಾಗ ರೂಟರ್ ನಿಮ್ಮ ಸರ್ವರಿಗೆ ಬೇರೆ ವಿಳಾಸ ಕೊಟ್ಟಿರಬಹುದು. ಅದಕ್ಕೊಂದು ಸ್ಥಿರ ವಿಳಾಸವನ್ನು ರೂಟರಿನಲ್ಲೇ ಕಾಯ್ದಿರಿಸಿ. ಮನೆಯೊಳಗಿಂದ ಸಿಕ್ಕು ಹೊರಗಿನಿಂದ ಸಿಗದಿದ್ದರೆ ರೂಟರಿನ ಹೊರಮುಖದ ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಗುಂಪಿನದಾದರೆ, ಸಂಪರ್ಕ ಕೊಟ್ಟ ಸಂಸ್ಥೆ ಅನೇಕ ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಟ್ಟಿದೆ. ಆಗ ರೂಟರಿನಲ್ಲಿ ಪೋರ್ಟ್ ತೆರೆದು ಫಲವಿಲ್ಲ. ಸ್ವಂತ ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕು.

ಇನ್ನು 530. ಹೆಸರು ತಪ್ಪಿದರೂ ಗುಪ್ತಪದ ತಪ್ಪಿದರೂ ಸರ್ವರ್ ಒಂದೇ ಉತ್ತರ ಕೊಡುವುದು ಬೇಕೆಂದೇ. ಬೇರೆ ಬೇರೆ ಉತ್ತರ ಕೊಟ್ಟರೆ ಯಾವ ಹೆಸರುಗಳು ಇವೆ ಎಂದು ಕಳ್ಳನಿಗೆ ತಿಳಿದುಹೋಗುತ್ತದೆ. ನಿಜವಾದ ಕಾರಣದ ಸುಳಿವು ಸರ್ವರಿನ ದಾಖಲೆ ಕಡತದಲ್ಲಿ, ಅಂದರೆ ಲಾಗ್‌ನಲ್ಲಿ, ಇರುತ್ತದೆ. ಈಚಿನ ಲಿನಕ್ಸ್‌ಗಳಲ್ಲಿ ಜರ್ನಲ್‌ಸಿಟಿಎಲ್ ಆದೇಶ ಅದನ್ನು ತೋರಿಸುತ್ತದೆ. ಅದನ್ನು ತೆರೆದಿಟ್ಟುಕೊಂಡು ಮತ್ತೊಮ್ಮೆ ಪ್ರವೇಶಕ್ಕೆ ಯತ್ನಿಸಿ. ಮೊದಲು ಸರ್ವರ್ ಗಣಕದ ಮುಂದೆಯೇ ಕುಳಿತು ಅದೇ ಗಣಕದಿಂದ, ಆಮೇಲೆ ಮನೆಯ ಇನ್ನೊಂದು ಗಣಕದಿಂದ, ಕೊನೆಗೆ ಹೊರಗಿನಿಂದ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಸಣ್ಣ ಕಾರಣಗಳು ಬೇಗ ತೀರುತ್ತವೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ನಕಲಿಸಿ ಅಂಟಿಸಿದ ಗುಪ್ತಪದದ ಕೊನೆಗೆ ಖಾಲಿ ಜಾಗ ಸೇರಿರುತ್ತದೆ. ನಮ್ಮವರಿಗೇ ವಿಶೇಷವಾದದ್ದೊಂದಿದೆ: ನುಡಿ ಅಥವಾ ಬರಹವನ್ನು ಕನ್ನಡಕ್ಕೆ ತಿರುಗಿಸಿ ಮರೆತಿರುತ್ತೇವೆ, ಗುಪ್ತಪದದ ಜಾಗದಲ್ಲಿ ಚುಕ್ಕೆಗಳಷ್ಟೇ ಕಾಣುವುದರಿಂದ ಏನು ಬಿತ್ತೆಂದು ಗೊತ್ತಾಗುವುದಿಲ್ಲ. ಗುಪ್ತಪದವನ್ನು ಒಮ್ಮೆ ಖಾಲಿ ಪುಟದಲ್ಲಿ ಟೈಪಿಸಿ ನೋಡಿ, ಅಳಿಸಿ.

ಗುಪ್ತಪದ ನಿಜಕ್ಕೂ ಸರಿಯಿದ್ದು 530 ಬರುವುದೂ ಉಂಟು. ಲಿನಕ್ಸ್‌ನಲ್ಲಿ ಬಹುಬಳಕೆಯ ವಿಎಸ್‌ಎಫ್‌ಟಿಪಿಡಿ ಸರ್ವರನ್ನೇ ತೆಗೆದುಕೊಳ್ಳಿ. ರೂಟ್‌ನಂಥ ಹೆಸರುಗಳನ್ನು ಅದು ಸಾಮಾನ್ಯವಾಗಿ ನಿಷೇಧದ ಪಟ್ಟಿಯಲ್ಲಿ ಇಟ್ಟಿರುತ್ತದೆ, ಹಾಗೇ ಇರಲಿ. ವಿದ್ಯಾರ್ಥಿಗಳು ಕಡತ ಮಾತ್ರ ಕಳಿಸಲಿ, ಆದೇಶಗಳನ್ನು ಓಡಿಸದಿರಲಿ ಎಂದು ಅವರ ಖಾತೆಗೆ ನೋಲಾಗಿನ್ ಎಂಬ ಷೆಲ್ ಕೊಟ್ಟಿರುತ್ತೀರಿ. ಒಳ್ಳೆಯ ಯೋಚನೆಯೇ. ಆದರೆ ಡೆಬಿಯನ್, ಉಬುಂಟುಗಳಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆ, ಬಳಕೆದಾರನ ಷೆಲ್ ಮಾನ್ಯ ಷೆಲ್‌ಗಳ ಪಟ್ಟಿಯಲ್ಲಿದೆಯೇ ಎಂದೂ ನೋಡುತ್ತದೆ. ನೋಲಾಗಿನ್ ಅದರಲ್ಲಿ ಇಲ್ಲದಿದ್ದರೆ ಗುಪ್ತಪದವನ್ನು ಹತ್ತು ಸಲ ಬದಲಿಸಿದರೂ 530 ತಪ್ಪದು. ಇಟಿಸಿ ಕಡತಕೋಶದ ಷೆಲ್ಸ್ ಎಂಬ ಪಟ್ಟಿಗೆ ಅದನ್ನು ಸೇರಿಸಿದರೆ ಆಯಿತು.

ಇನ್ನೊಂದು ಸಂದರ್ಭ ವಿಚಿತ್ರವಾದದ್ದು. ತಪ್ಪು ಗುಪ್ತಪದಗಳನ್ನು ಎಣಿಸುವ ಫೈಲ್‌ಟುಬ್ಯಾನ್ ತಂತ್ರಾಂಶ ಹಾಕಿದ್ದರೆ, ಐದು ತಪ್ಪಾದೊಡನೆ ಅದು ಆ ವಿಳಾಸವನ್ನೇ ಸಾಮಾನ್ಯವಾಗಿ ಹತ್ತು ನಿಮಿಷ ಹೊರಗಿಡುತ್ತದೆ. ಶಾಲೆಯ ಗಣಕಗಳೆಲ್ಲ ಹೊರಗಿನವರಿಗೆ ಒಂದೇ ವಿಳಾಸವಾಗಿ ಕಾಣುತ್ತವಲ್ಲ! ಒಬ್ಬ ಹುಡುಗನ ಅವಸರಕ್ಕೆ ಇಡೀ ತರಗತಿ ಹೊರಗುಳಿಯುತ್ತದೆ. 530 ಬರುತ್ತಿದ್ದುದು ಇದ್ದಕ್ಕಿದ್ದಂತೆ ಸಂಪರ್ಕವೇ ಇಲ್ಲವೆಂದಾದರೆ ಇದನ್ನು ಶಂಕಿಸಿ, ಸುಮ್ಮನೆ ಕಾಯಿರಿ.

230 ಬಂದ ಮೇಲೂ ಕಡತಗಳ ಪಟ್ಟಿ ಕಾಣದೆ ನಿಂತುಬಿಟ್ಟರೆ? ಅನೇಕರು ಇದನ್ನೂ ಪ್ರವೇಶದ ತೊಂದರೆ ಎನ್ನುತ್ತಾರೆ. ರೈಲಿನಲ್ಲಿ ವಾಡಿ ಜಂಕ್ಷನ್ ತಲುಪಿದರೆ ಮಳಖೇಡ ಬಂದಂತಾಗಲಿಲ್ಲ. ಅಲ್ಲಿಂದ ಸಿಕಂದರಾಬಾದಿನ ಮಾರ್ಗ ಹಿಡಿಯಬೇಕು. ಎಫ್‌ಟಿಪಿಯಲ್ಲೂ ಮಾತುಕತೆಗೆ ಒಂದು ಸಂಪರ್ಕ, ಮಾಹಿತಿ ಸಾಗಿಸಲು ಇನ್ನೊಂದು. ಆ ಎರಡನೆಯದಕ್ಕೆ ಎಲ್ಲಿಗೆ ಬರಬೇಕೆಂದು ಸರ್ವರ್ 227 ಎಂಬ ಉತ್ತರದಲ್ಲಿ ಆರು ಸಂಖ್ಯೆ ಕೊಡುತ್ತದೆ. ಉದಾಹರಣೆಗೆ 192,168,1,10,156,64. ಮೊದಲ ನಾಲ್ಕು ವಿಳಾಸ; ಉಳಿದೆರಡರಿಂದ ಪೋರ್ಟ್ ಸಿಗುತ್ತದೆ: 156 × 256 + 64 = 40000. ಈ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಬಹುದು. 192.168 ಎಂಬುದು ಮನೆಯೊಳಗಿನ ವಿಳಾಸ. ಸೇಡಂನಲ್ಲಿ ಕುಳಿತ ವಿದ್ಯಾರ್ಥಿಯ ಗಣಕ ಅದನ್ನು ತನ್ನ ಮನೆಯಲ್ಲೇ ಹುಡುಕತೊಡಗುತ್ತದೆ. ಸರ್ವರಿಗೆ ಅದರ ಹೊರ ವಿಳಾಸವನ್ನು ತಿಳಿಸಿ, 40000ದಿಂದ 40010ರಂಥ ಕಿರಿದಾದ ಪೋರ್ಟ್ ಶ್ರೇಣಿ ಗೊತ್ತುಮಾಡಿ, ಆ ಶ್ರೇಣಿಯನ್ನಷ್ಟೇ ರೂಟರಿನಲ್ಲಿ ತೆರೆಯಿರಿ. ಫೈರ್‌ವಾಲ್ ಪೂರ್ತಿ ಆರಿಸುವ ಅಗತ್ಯವಿಲ್ಲ.

ಇಷ್ಟೆಲ್ಲ ಸರಿಪಡಿಸಿದರೂ ಹಳೆಯ ಎಫ್‌ಟಿಪಿಯ ದೊಡ್ಡ ದೋಷ ಉಳಿಯುತ್ತದೆ. ಗುಪ್ತಪದ ಮುಚ್ಚುಮರೆಯಿಲ್ಲದೆ, ಪೋಸ್ಟ್‌ಕಾರ್ಡಿನ ಮೇಲೆ ಬರೆದಂತೆ, ದಾರಿಯುದ್ದಕ್ಕೂ ಸಾಗುತ್ತದೆ. ಅದೇ ಗುಪ್ತಪದವನ್ನು ಇಮೇಲ್‌ಗೋ ಬ್ಯಾಂಕಿಗೋ ಇಟ್ಟುಕೊಂಡವರಿದ್ದರೆ ಹೇಳುವುದೇ ಬೇಡ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರ್‌ಗಳು 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು. ಹಳೆಯ ಪುಸ್ತಕ ನೋಡಿ ಬ್ರೌಸರಿನಲ್ಲೇ ಎಫ್‌ಟಿಪಿ ವಿಳಾಸ ಕೊಡುವವರಿಗೆ ಪ್ರವೇಶ ಸಿಗದಿರಲು ಅದೂ ಕಾರಣ. ಹೊಸದಾಗಿ ಸರ್ವರ್ ಕಟ್ಟುವವರು ಎಸ್‌ಎಫ್‌ಟಿಪಿ ಬಳಸುವುದೇ ಲೇಸು. ಹೆಸರು ಹತ್ತಿರವಾದರೂ ಅದು ಬೇರೆಯೇ ನಿಯಮಾವಳಿ. ಎಲ್ಲವೂ ಗೂಢಲಿಪಿಯಲ್ಲಿ, 22ನೆಯ ಪೋರ್ಟಿನ ಒಂದೇ ಸಂಪರ್ಕದಲ್ಲಿ ಸಾಗುವುದರಿಂದ ಆರು ಸಂಖ್ಯೆಯ ಗೋಜಿಲ್ಲ. ಎಸ್‌ಎಫ್‌ಟಿಪಿ ಆರಿಸಿ ಪೋರ್ಟ್ ಮಾತ್ರ 21 ಎಂದೇ ಉಳಿಸಿದರೆ ಪ್ರವೇಶ ಸಿಗದು.

ವಿದ್ಯಾರ್ಥಿಗಳು ತಮ್ಮ ಕಡತಕೋಶದಿಂದ ಆಚೆ ಹೋಗದಂತೆ ಬೇಲಿ ಹಾಕುವವರು ಒಂದನ್ನು ಗಮನಿಸಿ. ಗುಪ್ತಪದ ಒಪ್ಪಿಗೆಯಾಗಿ ಮರುಕ್ಷಣವೇ ಸಂಪರ್ಕ ಕಡಿದರೆ ಬೇಲಿಯ ಬುಡ ನೋಡಿ. ಬೇಲಿಯ ಮೇಲ್ಮಟ್ಟದ ಕೋಶ ರೂಟ್‌ನ ಒಡೆತನದಲ್ಲಿರಬೇಕು, ಬೇರೆ ಯಾರೂ ಅದರಲ್ಲಿ ಬರೆಯುವಂತಿರಬಾರದು ಎಂಬುದು ಎಸ್‌ಎಫ್‌ಟಿಪಿ ನಡೆಸುವ ಓಪನ್‌ಎಸ್‌ಎಸ್‌ಎಚ್‌ನ ನಿಯಮ. ವಿಎಸ್‌ಎಫ್‌ಟಿಪಿಡಿಯಲ್ಲೂ ಬೇಲಿಯ ಮೇಲ್ಮಟ್ಟದ ಕೋಶದಲ್ಲಿ ಬಳಕೆದಾರ ಬರೆಯುವಂತಿದ್ದರೆ 500 ಎಂಬ ಉತ್ತರ ಬರುತ್ತದೆ. ಎಲ್ಲರಿಗೂ ಎಲ್ಲ ಅನುಮತಿ ಕೊಡುವ 777 ಎಂಬ ಮಂತ್ರ ಹಾಕಿದಷ್ಟೂ ಬಾಗಿಲು ಇಲ್ಲಿ ಬಿಗಿಯಾಗುತ್ತದೆ. ಮೇಲಿನ ಕೋಶದ ಬರೆಯುವ ಅನುಮತಿ ತೆಗೆದು, ಅದರೊಳಗೆ ವಿದ್ಯಾರ್ಥಿಯ ಒಡೆತನದ ಇನ್ನೊಂದು ಕೋಶ ಮಾಡಿಕೊಡಿ. ಕೋಟೆಯ ಚಿತ್ರಗಳು ಅಲ್ಲಿಗೆ ಬಂದು ಬೀಳುತ್ತವೆ.