ಆನಂದಪುರದ ಮೋಗ್ಲಿಂಗ್ ಪಾದ್ರಿಗಳು

ಕಾಫಿ ಕೊಯ್ಲು ಮುಗಿದು, ಕಣ ಬರಿದಾಗಿ, ಹೂಮಳೆಯ ದಾರಿ ಕಾಯುತ್ತಿದ್ದ ದಿನಗಳಲ್ಲಿ ನಮ್ಮ ಸಂಘದ ಕೆಲವು ಸದಸ್ಯರೊಡನೆ ಕೊಡಗಿನ ಮೆಣಸಿನ ಬಳ್ಳಿಗಳನ್ನು ನೋಡಿ ಬರಲು ಹೋಗಿದ್ದೆವು. ಸಕಲೇಶಪುರ, ಶನಿವಾರಸಂತೆ, ಕುಶಾಲನಗರ ದಾಟಿ ಸಿದ್ದಾಪುರದ ಕಡೆ ಸಾಗುವಾಗ ಆನಂದಪುರದ ಹೆಸರು ಕಿವಿಗೆ ಬಿತ್ತು. ಜೊತೆಗಿದ್ದ ಹಿರಿಯರೊಬ್ಬರು "ಸಾಗರದ ಹತ್ತಿರದ ಆನಂದಪುರ ಗೊತ್ತು, ಇದು ಯಾವುದು ಮಾರಾಯ್ರೆ?" ಎಂದು ಕೇಳಿದರು. ಆಗ ನಮಗೆ ತಿಳಿದಷ್ಟನ್ನು ಹೇಳಿದೆವು. ಅದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ಕಾರಣವನ್ನು ಕೊನೆಯಲ್ಲಿ ಅರಿಕೆ ಮಾಡುತ್ತೇವೆ.

ಹೆರ್ಮನ್ ಮೋಗ್ಲಿಂಗ್ ಎಂಬ ಹೆಸರು ಓದಿದವರಿಗೆ ಹೊಸದೇನಲ್ಲ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ 1811ರಲ್ಲಿ ಹುಟ್ಟಿದ ಇವರು ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1836ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರಡಿಸಿದವರು ಇವರೇ. ಇಂದಿಗೂ ನಮ್ಮ ನಾಡಿನಲ್ಲಿ ಆ ದಿನವನ್ನೇ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಓಲೆಗರಿಯಲ್ಲಿದ್ದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಸಂಗ್ರಹಿಸಿ ಕಲ್ಲಚ್ಚಿನಲ್ಲಿ ಮುದ್ರಿಸಿದರು. ಪುರಂದರದಾಸರ ಪದಗಳನ್ನು ಮೊದಲು ಅಚ್ಚಿಗೆ ಹಾಕಿಸಿದವರಲ್ಲಿ ಒಬ್ಬ ಪರದೇಶದ ಪಾದ್ರಿ ಇದ್ದರೆಂಬುದು ನೆನಪಿಡತಕ್ಕ ಮಾತು. ಈ ಕನ್ನಡ ಕೆಲಸಕ್ಕಾಗಿಯೇ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಆದರೆ ನಾವು ಹೇಳಹೊರಟಿರುವುದು ಪುಸ್ತಕದ ಮೋಗ್ಲಿಂಗರ ವಿಚಾರವನ್ನಲ್ಲ, ತೋಟದ ಮೋಗ್ಲಿಂಗರ ವಿಚಾರವನ್ನು.

ಕನ್ನಡನಾಡಿನಲ್ಲಿ ಹದಿನಾರು ವರ್ಷ ದುಡಿದು ಊರಿಗೆ ಮರಳುವ ಯೋಚನೆಯಲ್ಲಿದ್ದವರು, ಸೋಮಯ್ಯ ಎಂಬ ಕೊಡವರೊಬ್ಬರು ಕ್ರೈಸ್ತರಾದ ಮೇಲೆ ಅವರೊಡನೆ 1853ರಲ್ಲಿ ಘಟ್ಟ ಹತ್ತಿ ಕೊಡಗಿಗೆ ನಡೆದರು. ಕೊಡಗು ಕಂಪೆನಿ ಸರಕಾರದ ಕೈಗೆ ಬಂದು ಆಗ ಇಪ್ಪತ್ತು ವರ್ಷ ತುಂಬಿರಲಿಲ್ಲ. ಮಡಿಕೇರಿಯ ಬಳಿ ಫೌಲರ್ ದೊರೆ ಕಾಫಿ ತೋಟ ತೆರೆದದ್ದು 1854ರಲ್ಲಿ. ಅಂದರೆ ಕೊಡಗಿನಲ್ಲಿ ದೊರೆಗಳ ಕಾಫಿಯೂ ಈ ಪಾದ್ರಿಗಳೂ ಹೆಚ್ಚುಕಡಿಮೆ ಒಟ್ಟಿಗೇ ಕಾಲಿಟ್ಟಂತಾಯಿತು. ತಾವು ಕಂಡ ಕೊಡಗಿನ ಇತಿಹಾಸ ಮತ್ತು ನಡವಳಿಕೆಗಳನ್ನು ಅವರು 1855ರಲ್ಲಿ ಪುಸ್ತಕವಾಗಿ ಬರೆದರು.

ಅಲ್ಲಿ ಅವರ ಕಣ್ಣಿಗೆ ಬಿದ್ದವರು, ಹೊಲೆಯರೆಂದು ಕರೆದು ಊರ ಹೊರಗೆ ಇರಿಸಿದ್ದ ಜನ. ಗದ್ದೆ ಯಾರದೋ ಆಳೂ ಅವರದೇ ಎಂಬುದು ಆ ಕಾಲದ ರೂಢಿ. ಜೀತದಾಳನ್ನು ಸೊತ್ತೆಂದು ಸರಕಾರ ಒಪ್ಪುವುದಿಲ್ಲವೆಂದು 1843ರಲ್ಲೇ ಕಾಯಿದೆ ಆಗಿತ್ತು. ಆದರೇನು? ಕಾಯಿದೆ ಬಂದ ಮಾತ್ರಕ್ಕೆ ಮಲಗಲು ಜಾಗ ಬರುವುದಿಲ್ಲ. ಒಡೆಯನ ಗದ್ದೆ ಬಿಟ್ಟು ಹೊರಟವನು ಸಂಜೆ ಎಲ್ಲಿ ಒಲೆ ಹಚ್ಚಬೇಕು? ಈ ಪ್ರಶ್ನೆಗೆ ಉತ್ತರವಾಗಿ, 1850ರ ದಶಕದ ಕೊನೆಯ ವರ್ಷಗಳಲ್ಲಿ, ತಮ್ಮ ಸಭೆಗೆ ಸೇರಿದ ಆ ಕುಟುಂಬಗಳಿಗಾಗಿ ಮೋಗ್ಲಿಂಗರು ಕಾಡಿನ ನಡುವೆ ಒಂದು ಊರು ಕಟ್ಟಿಸಿದರು. ಅದೇ ಆನಂದಪುರ. ಮನೆಯ ಜೊತೆಗೆ ದುಡಿಮೆಗೆಂದು ಅಲ್ಲಿ ಕಾಫಿಯನ್ನೂ ಹಾಕಿಸಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಮೋಗ್ಲಿಂಗರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಅವರು ಮರೆಮಾಚಿದವರೂ ಅಲ್ಲ. ನಮ್ಮ ದೇವರು, ನಮ್ಮ ಆಚಾರಗಳ ಬಗ್ಗೆ ಅವರಿಗಿದ್ದ ಅಭಿಪ್ರಾಯ ನಮಗೆ ಒಪ್ಪಿಗೆಯಾಗಬೇಕಿಲ್ಲ. ಆನಂದಪುರವೂ ಅವರು ಎಣಿಸಿದಂತೆ ಕೊಡಗಿನ ತುಂಬ ಹಬ್ಬಲಿಲ್ಲ. 1860ರಲ್ಲಿ ಅವರು ಯೂರೋಪಿಗೆ ಮರಳಿದರು, 1881ರಲ್ಲಿ ಅಲ್ಲೇ ತೀರಿಕೊಂಡರು. ಅವರು ಹೋದ ಕೆಲವೇ ವರ್ಷಗಳಲ್ಲಿ ಬಿಳಿ ಕಾಂಡಕೊರಕ ಬಿದ್ದು ಕೊಡಗಿನ ಕಾಫಿ ತೋಟಗಳು ಹಾಳಾದವು. ಗಿಡ ಕಿತ್ತು ಸುಟ್ಟ ಅನುಭವ ಉಳ್ಳವರಿಗೆ ಆ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದೂ ಅವರು ಒಂದು ವಿಷಯ ಸರಿಯಾಗಿ ಕಂಡಿದ್ದರೆಂದು ನಮ್ಮ ಅಭಿಪ್ರಾಯ. ಕಾಲಡಿಯ ನೆಲ ತನ್ನದಲ್ಲದವನಿಗೆ ಬಿಡುಗಡೆ ಎಂಬುದು ಬರೀ ಬಾಯಿಮಾತು.

ಈಗ ನಮ್ಮ ಅರಿಕೆ. ನಮ್ಮ ತಂದೆಯವರು ಕಾಲವಾದ ಮೇಲೆ ಪೆಟ್ಟಿಗೆಯಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕ ಸಿಕ್ಕಿತು. ಒಬ್ಬ ಆಳಿನ ಹೆಸರಿನ ಕೆಳಗೆ ಮುಂಗಡದ ಬಾಕಿ, ಅವನು ಸತ್ತ ಮೇಲೆ ಅದೇ ಬಾಕಿ ಮಗನ ಹೆಸರಿಗೆ. ಜೀತ ನಿಷೇಧದ ಕಾಯಿದೆ 1976ರಲ್ಲೇ ಬಂದಿದೆ, ಕಾಲೇಜು ಓದಿದ ನಮಗೆ ಅದು ತಿಳಿದೂ ಇತ್ತು. ಆದರೂ ಆ ಪುಟವನ್ನು ಹರಿಯಲು ನಮಗೆ ಎರಡು ಕೊಯ್ಲು ಬೇಕಾಯಿತು. ಬಾಕಿ ಇಲ್ಲವೆಂದು ತಿಳಿದರೆ ಅವನು ಬೇರೆ ತೋಟಕ್ಕೆ ಹೋದಾನು ಎಂಬ ಹೆದರಿಕೆ. ಕೊನೆಗೆ ಹರಿದೆವು. ಅವನು ಹೋಗಲಿಲ್ಲ. ಒಂದು ದಿನ ಅಂಗಳದಲ್ಲಿ ನಿಂತು, "ಅಯ್ಯಾ, ಸಾಲ ಹೋಯ್ತು, ಸಂತೋಷ. ಲೈನ್ ಮನೆ ಅಡಿ ಜಾಗ ಯಾರದ್ದು?" ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಅವನು ಹುಟ್ಟಿದ ಆ ಮನೆಯ ಅಡಿ ಈ ಹೊತ್ತಿಗೂ ನಮ್ಮ ಪಹಣಿಯಲ್ಲೇ ಇದೆ. ಕೊಡಗಿನಿಂದ ಹಿಂದಿರುಗುವಾಗ ನಮ್ಮನ್ನು ಕಾಡಿದ್ದು ಮೆಣಸಿನ ಬಳ್ಳಿಯಲ್ಲ, ಆ ಪ್ರಶ್ನೆ.

ನಾವು ಎರಡೆಕರೆ, ನಾಲ್ಕೆಕರೆಯ ಬೆಳೆಗಾರರು, ದಾನ ಮಾಡುವಷ್ಟು ನೆಲ ನಮ್ಮಲ್ಲಿ ಎಲ್ಲಿದೆ ಎಂದು ಸದಸ್ಯರು ಕೇಳಬಹುದು. ನಿಜ. ಬೆಲೆ ಬಿದ್ದ ವರ್ಷ ಗೊಬ್ಬರದ ಸಾಲವೇ ತೀರುವುದಿಲ್ಲ. ಆದರೆ ಮನೆಯಡಿಗೆ ಬೇಕಾದದ್ದು ಎಕರೆಯಲ್ಲ, ಒಂದೆರಡು ಗುಂಟೆ. ಮೂಡಿಗೆರೆ, ಕಳಸದ ಕಡೆ ಹಿತ್ತಲಿನ ಹತ್ತು ಗುಂಟೆಯಲ್ಲಿ ಕಾಫಿ, ನಾಲ್ಕು ಅಡಿಕೆ ಮರ ಮಾಡಿಕೊಂಡ ಕೂಲಿ ಕುಟುಂಬಗಳೂ ಇವೆ. ಅವರ ಎರಡು ಮೂಟೆ ಚೆರ್ರಿ ಸಂಘದ ತಕ್ಕಡಿಗೆ ಬರುವುದಿಲ್ಲ, ದಾರಿಯಲ್ಲೇ ವ್ಯಾಪಾರಿಯ ಕೈ ಸೇರುತ್ತದೆ. ಅವರನ್ನೂ ಷೇರುದಾರರನ್ನಾಗಿ ಮಾಡಿಕೊಳ್ಳುವ ವಿಷಯವನ್ನು ಮುಂದಿನ ಮಹಾಸಭೆಯ ಮುಂದೆ ಇಡಲಿದ್ದೇವೆ.

ನಮ್ಮ ಮಟ್ಟಿಗೆ, ಮಳೆಗಾಲ ಹಿಡಿಯುವ ಮುಂಚೆ ಸರ್ವೆಯವರನ್ನು ಕರೆಸಿ ಆ ಲೈನ್ ಮನೆಯ ಜಾಗ ಅಳೆಸುವುದೆಂದು ನಿಶ್ಚಯಿಸಿದ್ದೇವೆ. ಹೀಗೆ ಅಚ್ಚಿನಲ್ಲಿ ಬರೆದಿಟ್ಟರೆ ಹಿಂದೆಗೆಯುವುದು ಕಷ್ಟವೆಂದೇ ಇಲ್ಲಿ ಬರೆದಿದ್ದೇವೆ. ಸದಸ್ಯ ಬಾಂಧವರು ತಮ್ಮ ತಮ್ಮ ಲೆಕ್ಕದ ಪುಸ್ತಕವನ್ನು ಒಮ್ಮೆ ತಿರುವಿ ನೋಡಿ ಸಭೆಗೆ ಬರಬೇಕಾಗಿ ಕೋರುತ್ತೇವೆ.